ಊಟಕ್ಕೆ ಕೂರುವ ಕೋಟು

ಕಳೆದ ಅಕ್ಟೋಬರ್ ತಿಂಗಳಲ್ಲಿ ಮಗ ಕಾರವಾರದಿಂದ ಇಪ್ಪತ್ತು ದಿನಗಳ ರಜೆಯ ಮೇಲೆ ಕೋಲಾರಕ್ಕೆ ಬಂದಾಗ, ಅವನ ಸೂಟ್‌ಕೇಸಿನ ತಳದಲ್ಲಿ ಬಿಳಿಯ ಗಿಡ್ಡ ಕೋಟೊಂದು ಮಡಿಸಿಟ್ಟಿತ್ತು. ನೌಕಾಪಡೆಯ ಅಧಿಕಾರಿಗಳು ಔಪಚಾರಿಕವಾದ ರಾತ್ರಿಯ ಔತಣಕ್ಕೆ ಧರಿಸುವ ಮೆಸ್ ಡ್ರೆಸ್ಸಿನ ಕೋಟು ಅದು. ಎರಡು ವರ್ಷಗಳ ಹಿಂದೆ ಬೇರೊಂದು ಊರಿನ ಅಂಗಡಿಯಲ್ಲಿ ಅವಸರದಿಂದ ಹೊಲಿಸಿದ್ದೆಂದೂ, ಹಾಕಿಕೊಂಡಾಗಲೆಲ್ಲ ಏನೋ ಸರಿಯಿಲ್ಲವೆನಿಸುತ್ತದೆಂದೂ ಹೇಳಿದ. ಹಾಕಿಕೊಂಡು ತೋರಿಸು ಎಂದೆ. ನಿಂತಾಗ ಅದರಲ್ಲಿ ದೊಡ್ಡ ದೋಷವೇನೂ ಕಾಣಲಿಲ್ಲ. ಹಾಗೆಯೇ ಊಟದ ಮೇಜಿನ ಮುಂದೆ ಕುರ್ಚಿಯಲ್ಲಿ ಕೂರಿಸಿ, ನೀರಿನ ಲೋಟವನ್ನು ಎತ್ತು ಎಂದೆ. ಕೈ ಎದೆಯ ಮಟ್ಟಕ್ಕೆ ಏರುವುದರೊಳಗೆ ಕೋಟಿನ ಅಂಚು ನಾಲ್ಕು ಬೆರಳು ಮೇಲಕ್ಕೆ ಸರಿದು, ನಡುಪಟ್ಟಿಯ ಮೇಲೆ ಅಂಗಿ ಉಬ್ಬಿಕೊಂಡು ಹೊರಬಂತು; ಕತ್ತಿನ ಹಿಂದೆ ಕಾಲರು ದೇಹವನ್ನು ಬಿಟ್ಟು ಎದ್ದು ನಿಂತಿತು. ಆ ಒಂದು ಲೋಟ ನೀರಿನಿಂದಲೇ ತೊಂದರೆ ಎಲ್ಲಿದೆಯೆಂಬುದು ನನಗೆ ತಿಳಿಯಿತು.

ನನಗೆ ಹೇಗೆ ತಿಳಿಯಿತೆಂದರೆ, ನನ್ನ ತಂದೆ ಕೋಲಾರದ ಪೇಟೆಯಲ್ಲಿ ನಲವತ್ತು ವರ್ಷ ದರ್ಜಿಯಾಗಿದ್ದವರು. ನಾನು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳಾದರೂ, ಓದು ಬರಹ ಕಲಿತದ್ದು ಅವರ ಹೊಲಿಗೆ ಯಂತ್ರದ ಪಕ್ಕದ ಹಲಗೆಯ ಮೇಲೆ, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ. ತೋಳು ಎತ್ತಿದಾಗ ಕೋಟು ಜೊತೆಗೆ ಎದ್ದುಬಂದರೆ ತಪ್ಪು ತೋಳಿನದಲ್ಲ, ಕಂಕುಳಿನದು ಎಂದು ಅವರು ಕೆಲಸ ಕಲಿಯಲು ಬಂದ ಹುಡುಗರಿಗೆ ಹೇಳುತ್ತಿದ್ದುದು ನನ್ನ ಕಿವಿಯಲ್ಲಿ ಈಗಲೂ ಇದೆ. ತೋಳು ದೇಹವನ್ನು ಸೇರುವ ಸುತ್ತನ್ನು ಆಳವಾಗಿ, ಸಡಿಲವಾಗಿ ಕತ್ತರಿಸಿದರೆ ಧರಿಸಿದವನಿಗೆ ಆರಾಮವಾಗುತ್ತದೆಂದು ಸಾಮಾನ್ಯವಾಗಿ ನಂಬಲಾಗಿದೆ. ನಿಜದಲ್ಲಿ ಆಗುವುದು ಇದಕ್ಕೆ ತಿರುಗಾಮುರುಗ. ಆ ಸುತ್ತು ಕಂಕುಳಿಗೆ ಎಷ್ಟು ಹತ್ತಿರವಾಗಿ, ಎಷ್ಟು ಎತ್ತರದಲ್ಲಿ ಕೂರುತ್ತದೆಯೋ ಅಷ್ಟು ಸ್ವತಂತ್ರವಾಗಿ ತೋಳು ಆಡುತ್ತದೆ. ಕೆಳಗಿಳಿದಷ್ಟೂ ತೋಳು ಕೋಟಿನ ಪಕ್ಕೆಯನ್ನೇ ಹಿಡಿದು ಮೇಲಕ್ಕೆಳೆಯುತ್ತದೆ. ತೊಡೆಯವರೆಗೆ ಬರುವ ಸಾಮಾನ್ಯ ಕೋಟಿನಲ್ಲಿ ಈ ಎಳೆತ ಕಣ್ಣಿಗೆ ಬೀಳುವುದಿಲ್ಲ. ಸೊಂಟದಲ್ಲೇ ಮುಗಿಯುವ ಮೆಸ್ ಕೋಟಿನಲ್ಲಿ ಅದನ್ನು ಮರೆಮಾಚಲು ಬಟ್ಟೆಯೇ ಇರುವುದಿಲ್ಲ.

ಈ ಉಡುಪನ್ನು ಕಂಡಿರದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಸೈನ್ಯದಲ್ಲಿ ಮೆಸ್ ಎಂದರೆ ಅಧಿಕಾರಿಗಳು ಒಟ್ಟಿಗೆ ಕುಳಿತು ಉಣ್ಣುವ ಮನೆ. ನೌಕಾಪಡೆಯವರು ಅದನ್ನು ವಾರ್ಡ್‌ರೂಮ್ ಎನ್ನುತ್ತಾರೆ. ಆ ಮನೆಯ ವಿಶೇಷ ಊಟಕ್ಕೆಂದೇ ಇರುವ ಸಮವಸ್ತ್ರ ಮೆಸ್ ಡ್ರೆಸ್. ನನ್ನ ಮಗನದರಲ್ಲಿ ಬಿಳಿಯ ಗಿಡ್ಡ ಕೋಟು, ಬಿಳಿ ಅಂಗಿ, ಕಪ್ಪು ಬೋ ಟೈ, ನಡುವಿಗೆ ಕಪ್ಪು ರೇಷ್ಮೆಯ ನೆರಿಗೆಪಟ್ಟಿ, ಕಪ್ಪು ಪ್ಯಾಂಟು, ಹೆಗಲ ಮೇಲೆ ದರ್ಜೆಯನ್ನು ಸೂಚಿಸುವ ಗಟ್ಟಿ ಭುಜಪಟ್ಟಿಗಳು ಮತ್ತು ಎದೆಯ ಎಡಭಾಗದಲ್ಲಿ ಚಿಕಣಿ ಪದಕ ಇವೆ. ಕೋಟಿನ ಮುಂಭಾಗ ತೆರೆದೇ ಇರುತ್ತದೆ. ಅದರ ಹೊಳೆಯುವ ಗುಂಡಿಗಳು ಕಾಜಕ್ಕೆ ಸೇರುವುದಿಲ್ಲ, ಅಲಂಕಾರಕ್ಕಷ್ಟೇ ಇರುತ್ತವೆ. ಭೂಸೇನೆಯ ರೆಜಿಮೆಂಟುಗಳಲ್ಲಿ ಬಣ್ಣ, ಪಟ್ಟಿ, ಗುಂಡಿಗಳೆಲ್ಲ ಬೇರೆ ಬೇರೆ. ಅವುಗಳ ವಿಚಾರಕ್ಕೆ ನಾನು ಹೋಗುವುದಿಲ್ಲ.

ಇದರ ಹುಟ್ಟು ಬ್ರಿಟಿಷರ ಕಾಲದ್ದು. 19ನೇ ಶತಮಾನದ ನಡುಭಾಗದಲ್ಲಿ ಅವರ ಅಶ್ವಸೇನೆಯ ಅಧಿಕಾರಿಗಳು ಬಿಗಿಯಾದ ಉದ್ದನೆಯ ದಿರಿಸಿನ ಬದಲಿಗೆ, ಲಾಯದ ಕೆಲಸಕ್ಕೆ ಬಳಸುತ್ತಿದ್ದ ಗಿಡ್ಡ ಜಾಕೆಟ್ಟಿನ ಗುಂಡಿಗಳನ್ನು ಬಿಚ್ಚಿಕೊಂಡು ಊಟಕ್ಕೆ ಕೂರಲಾರಂಭಿಸಿದರೆಂದೂ, ಆ ಅನುಕೂಲವೇ ಕ್ರಮೇಣ ನಿಯಮವಾಯಿತೆಂದೂ ಚರಿತ್ರೆ ಹೇಳುತ್ತದೆ. ಒಳಗೆ ಅವರು ತೊಡುತ್ತಿದ್ದ ವೇಸ್ಟ್‌ಕೋಟು ನಮ್ಮ ಸೆಕೆಗೆ ಒಗ್ಗಲಿಲ್ಲ. ಅದರ ಜಾಗಕ್ಕೆ ಬಂದದ್ದು ಇಲ್ಲಿನವರು ಸೊಂಟಕ್ಕೆ ಸುತ್ತುತ್ತಿದ್ದ ಬಟ್ಟೆ. ಪರ್ಷಿಯನ್ನಿನ ಕಮರ್, ಬಂದ್ ಎಂಬೆರಡು ಮಾತುಗಳು ಕೂಡಿದ ಕಮರ್‌ಬಂದ್ ಎಂಬ ಹೆಸರು ಹಿಂದುಸ್ತಾನಿಯ ಮೂಲಕ ಇಂಗ್ಲಿಷಿಗೆ ಹೋಗಿ, ಇಂದು ಲೋಕದ ಔತಣಕೂಟಗಳಲ್ಲೆಲ್ಲ ಬಳಕೆಯಾಗುತ್ತಿದೆ. ನಮ್ಮಲ್ಲಿ ಟೊಂಕ ಕಟ್ಟುವುದೆಂದರೆ ದುಡಿಮೆಗೆ ಸಿದ್ಧವಾಗುವುದು. ಅದೇ ಟೊಂಕದ ಕಟ್ಟು ಇಲ್ಲಿ ಊಟದ ಉಡುಪಾಗಿದೆ. ಈ ಪಟ್ಟಿಯನ್ನು ಪರಕೀಯರು ಬಿಟ್ಟುಹೋದದ್ದು ಎಂದು ಯಾರಾದರೂ ಅಂದಾಗ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅವರು ನಮ್ಮಿಂದ ಪಡೆದದ್ದನ್ನು ಹಿಂದಿರುಗಿಸಿ ಹೋದರು ಎಂದೇ ನಾನು ತಿಳಿದಿದ್ದೇನೆ.

ಹೊಸದಾಗಿ ಹೊಲಿಸುವುದೆಂದು ತೀರ್ಮಾನಿಸಿದ ಮೇಲೆ ಎಲ್ಲಿ ಎಂಬ ಪ್ರಶ್ನೆ ಬಂತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೈನ್ಯದ ಉಡುಪು ಹೊಲಿಯುವ ನುರಿತವರಿದ್ದಾರೆ, ಅಲ್ಲಿಗೆ ಹೋಗೋಣವೆಂದು ಮಗನೆಂದ. ನನಗೆ ನೆನಪಾದದ್ದು ಕೆ.ಜಿ.ಎಫ್. ಜಾನ್ ಟೇಲರ್ ಕಂಪನಿ 1880ರಲ್ಲಿ ಅಲ್ಲಿ ಚಿನ್ನ ತೆಗೆಯಲು ತೊಡಗಿದ ಮೇಲೆ ಬಂದು ನೆಲೆಸಿದ ಆಂಗ್ಲ ಅಧಿಕಾರಿಗಳಿಗೆ ಕ್ಲಬ್ಬಿತ್ತು, ಗಾಲ್ಫ್ ಮೈದಾನವಿತ್ತು, ರಾತ್ರಿಯೂಟಕ್ಕೆ ಬೇರೆಯೇ ಉಡುಪಿತ್ತು. ಆ ಉಡುಪನ್ನು ಹೊಲಿಯುವ ಕೈಗಳು ಅಲ್ಲಿ ತಯಾರಾದವು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತಾದರೂ, ರಾಬರ್ಟ್‌ಸನ್‌ಪೇಟೆಯಲ್ಲಿ ಒಬ್ಬ ಹಿರಿಯ ಮಾಸ್ಟರ್ ಇನ್ನೂ ಕತ್ತರಿ ಹಿಡಿಯುತ್ತಿದ್ದಾರೆಂಬುದು ನನಗೆ ಗೊತ್ತಿತ್ತು. ಅವರ ತಾತ ಗಣಿಯ ದೊರೆಗಳಿಗೆ ಕೋಟು ಹೊಲಿದವರು. ನನ್ನ ತಂದೆಗೂ ಅವರ ತಂದೆಗೂ ಬಳಕೆಯಿತ್ತು. ಬಂಗಾರಪೇಟೆಯ ಮಾರ್ಗವಾಗಿ ಬಸ್ಸಿನಲ್ಲಿ ತಾಯಿ ಮಗ ಇಬ್ಬರೂ ಹೊರಟೆವು.

ಮಾಸ್ಟರಿಗೆ ಎಪ್ಪತ್ತು ದಾಟಿದೆ. ನಾನು ಯಾರ ಮಗಳೆಂದು ಹೇಳಿದೊಡನೆ, "ಬನ್ನಿ ಟೀಚರಮ್ಮ, ಕೂತ್ಕೊಳ್ಳಿ" ಎಂದು ಸ್ಟೂಲು ಸರಿಸಿದರು. ಮಗನ ಕಡೆಗೆ ತಿರುಗಿ ಮೊದಲು ಕೇಳಿದ್ದು ಅವನ ಗುರುತಿನ ಚೀಟಿಯನ್ನು. ಸಮವಸ್ತ್ರವನ್ನು ಯಾರೆಂದು ಕೇಳದೆ ಹೊಲಿದುಕೊಡುವ ಪದ್ಧತಿ ತಮ್ಮದಲ್ಲವೆಂದು ವಿನಯದಿಂದಲೇ ಹೇಳಿದರು. ಮಗ ಫೋನಿನಲ್ಲಿದ್ದ ಉಡುಪಿನ ನಿಯಮಗಳನ್ನು ತೋರಿಸಿದ. ಅವರು ಕನ್ನಡಕ ಸರಿಪಡಿಸಿಕೊಂಡು, ಅವನಿಂದ ಎರಡೆರಡು ಬಾರಿ ಓದಿಸಿಕೊಂಡು, ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಬಳಿಕ ಅಂದ ಮಾತನ್ನು ನಾನು ಮನೆಗೆ ಬಂದು ಬರೆದಿಟ್ಟುಕೊಂಡೆ: "ಕಾಲರು ಹೀಗಿರಬೇಕು, ಗುಂಡಿ ಇಲ್ಲಿರಬೇಕು ಅಂತ ಸರ್ಕಾರ ಹೇಳುತ್ತೆ, ಅದನ್ನ ನಾನು ಒಂದು ನೂಲಿನಷ್ಟೂ ಬದಲಿಸಲ್ಲ. ಆದರೆ ಮೈ ತಮ್ಮಂದು. ಅದನ್ನ ಸರ್ಕಾರ ಬರೆದುಕೊಟ್ಟಿಲ್ಲ."

ಹಳೆಯ ಕೋಟನ್ನು ಅವರು ಒಳಮೇಲು ಮಾಡಿ ಮೇಜಿನ ಮೇಲೆ ಹರಡಿದರು. ಕಂಕುಳ ಸುತ್ತಿನ ದೋಷವನ್ನು ನಾನು ಹೇಳುವ ಮೊದಲೇ ಬೆರಳಿಟ್ಟು ತೋರಿಸಿದರು. ನನ್ನ ಕಣ್ಣಿಗೆ ಬೀಳದಿದ್ದ ಇನ್ನೂ ಎರಡನ್ನು ಕಂಡುಹಿಡಿದರು. ಎದೆಯ ಭಾಗಕ್ಕೆ ಒಳಗಿನಿಂದ ಕ್ಯಾನ್ವಾಸನ್ನು ಕೈಯಿಂದ ಹೊಲಿದು ಕೂರಿಸುವ ಬದಲು ಅಂಟಿನ ಬಕ್ರಂ ಇಟ್ಟು ಇಸ್ತ್ರಿಯಿಂದ ಒತ್ತಿದ್ದರು. ನಾಲ್ಕಾರು ಸಲ ಒಗೆದ ಮೇಲೆ ಆ ಅಂಟು ಅಲ್ಲಲ್ಲಿ ಬಿಟ್ಟು, ಎದೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳಂತೆ ಬಟ್ಟೆ ಎದ್ದಿತ್ತು. ಎರಡನೆಯದು ಬೆನ್ನಿನದು. ತರಬೇತಿಯಲ್ಲಿ ಎದೆಯುಬ್ಬಿಸಿ, ಹೆಗಲನ್ನು ಹಿಂದಕ್ಕಿಟ್ಟು ನಿಲ್ಲುವುದನ್ನು ವರ್ಷಗಟ್ಟಲೆ ರೂಢಿಸಿಕೊಂಡವನ ಮೈಯಲ್ಲಿ ಮುಂಭಾಗದ ಉದ್ದ ಹೆಚ್ಚಾಗಿ ಹಿಂಭಾಗದ್ದು ಕಡಿಮೆಯಾಗುತ್ತದೆ. ಸಾಮಾನ್ಯ ನಿಲುವಿನ ಲೆಕ್ಕದಲ್ಲಿ ಕತ್ತರಿಸಿದ ಕೋಟು ಅಂಥವನ ಬೆನ್ನ ಮೇಲೆ, ಕಾಲರಿನ ಕೆಳಗೆ, ಅಡ್ಡ ಮಡಿಕೆಯಾಗಿ ನಿಲ್ಲುತ್ತದೆ. ಮುಂದೆ ಅಂಚು ಮೇಲಕ್ಕೆದ್ದಿರುತ್ತದೆ. ಮಗನ ಕೋಟಿನಲ್ಲಿ ಇವೆರಡೂ ಇದ್ದವು. ಕುತ್ತಿಗೆಯ ಹಿಂಭಾಗದ ಮೂಳೆಯಿಂದ ಸೊಂಟದವರೆಗೆ ಒಂದು ಅಳತೆ, ಅದೇ ಮೂಳೆಯಿಂದ ಹೆಗಲನ್ನು ಹಾಯ್ದು ಮುಂದಿನ ಸೊಂಟದವರೆಗೆ ಇನ್ನೊಂದು ಅಳತೆ ತೆಗೆದುಕೊಂಡಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ಎದೆ, ಸೊಂಟ, ತೋಳು ಎಂದು ಮೂರೇ ಅಳತೆ ಬರೆದುಕೊಂಡು ಕಳಿಸುವ ಅಂಗಡಿಗಳಿಗೆ ಇಂಥ ಕೋಟನ್ನು ಕೊಡಲೇಬಾರದೆಂದು ಸೇನೆಗೆ ಸೇರಿದ ಮಕ್ಕಳ ತಂದೆ ತಾಯಿಯರಲ್ಲಿ ನನ್ನ ಕಳಕಳಿಯ ವಿನಂತಿ.

ಅಳತೆಯನ್ನು ಅವರು ಎರಡು ಬಾರಿ ತೆಗೆದರು: ಒಮ್ಮೆ ನಿಲ್ಲಿಸಿ, ಒಮ್ಮೆ ಕೂರಿಸಿ. ಮಗನ ಬಲ ಹೆಗಲು ಎಡಕ್ಕಿಂತ ಕಾಲಂಗುಲ ತಗ್ಗು ಎಂಬುದು ಅವನನ್ನು ಹೆತ್ತ ನನಗೂ ಆವರೆಗೆ ತಿಳಿದಿರಲಿಲ್ಲ. ಭುಜಪಟ್ಟಿಗಳು ಗಟ್ಟಿಯಾದ ಹಲಗೆಯಂತಿರುವುದರಿಂದ ಈ ವ್ಯತ್ಯಾಸವನ್ನು ಒಳಗಿನ ಮೆತ್ತೆಯಿಂದ ಸರಿದೂಗಿಸದಿದ್ದರೆ ಒಂದು ಪಟ್ಟಿ ಬಾಗಿ ಕಾಣುತ್ತದೆ. ಲೆಫ್ಟಿನೆಂಟಿನ ಎರಡು ಚಿನ್ನದ ಗೆರೆಗಳಲ್ಲಿ ಮೇಲಿನದಕ್ಕೆ ಒಂದು ಸುರುಳಿಯಿರುತ್ತದೆ. ಎರಡು ಹೆಗಲಿನ ಸುರುಳಿಗಳೂ ಒಂದೇ ಮಟ್ಟದಲ್ಲಿರುವುದನ್ನು ಎದುರಿಗೆ ಕುಳಿತವರು ಮೊದಲು ಗಮನಿಸುತ್ತಾರೆ.

ಬಟ್ಟೆಯ ವಿಷಯದಲ್ಲಿ ನನಗೂ ಮಗನಿಗೂ ಚರ್ಚೆಯಾಯಿತು. ಅವನಿಗೆ ಸುಲಭವಾಗಿ ಒಗೆದು ಒಣಗಿಸಬಹುದಾದ ಟೆರಿಕಾಟ್ ಬೇಕಿತ್ತು. ನನ್ನ ಮನಸ್ಸು ದಪ್ಪ ಹತ್ತಿಯ ಡ್ರಿಲ್ ಕಡೆಗಿತ್ತು. ಕರಾವಳಿಯ ಸೆಕೆಯಲ್ಲಿ ಹತ್ತಿ ಬೆವರನ್ನು ಹೀರುತ್ತದೆ, ಇಸ್ತ್ರಿಯ ಗೆರೆಯನ್ನು ಕತ್ತಿಯ ಅಲಗಿನಂತೆ ಹಿಡಿಯುತ್ತದೆ. ಆದರೆ ಒಮ್ಮೆ ಕುಳಿತೆದ್ದರೆ ಸುಕ್ಕಾಗುತ್ತದೆ. ಮಾಸ್ಟರ್ ನಮ್ಮಿಬ್ಬರ ಮಾತನ್ನೂ ಕೇಳಿ, ಇದು ಊಟಕ್ಕೆ ಕೂರುವ ಬಟ್ಟೆಯಾದ್ದರಿಂದ ಹತ್ತಿ ಹೆಚ್ಚಿರುವ ಮಿಶ್ರಣ ಸಾಕೆಂದರು. ಅವರ ತೀರ್ಮಾನವೇ ಸರಿಯಾಗಿತ್ತೆಂದು ಈಗ ಒಪ್ಪುತ್ತೇನೆ.

ಆಯ್ದ ಬಟ್ಟೆಯನ್ನು ಅಂದೇ ಕತ್ತರಿಸಲಿಲ್ಲ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಬಳಿಕ ಇಸ್ತ್ರಿ ಮಾಡಿದರು. ಇದಕ್ಕೆ ನಮ್ಮ ಕಡೆಯ ದರ್ಜಿಗಳು ಬಟ್ಟೆಗೆ ನೀರು ಕುಡಿಸುವುದೆನ್ನುತ್ತಾರೆ. ಹತ್ತಿ ಮೊದಲ ಒಗೆತದಲ್ಲೇ ಕುಗ್ಗುತ್ತದೆ. ಉದ್ದನೆಯ ಕೋಟಿನಲ್ಲಿ ಅರ್ಧ ಅಂಗುಲ ಕುಗ್ಗಿದರೆ ಯಾರಿಗೂ ತಿಳಿಯದು, ಮೆಸ್ ಕೋಟಿನಲ್ಲಿ ಅರ್ಧ ಅಂಗುಲವೆಂದರೆ ನಡುಪಟ್ಟಿಯ ಮೇಲೆ ಅಂಗಿ ಇಣುಕುವಷ್ಟು ಅಂತರ. ಒಳಗೆ ಹಾಕುವ ಕ್ಯಾನ್ವಾಸಿಗೂ ಕಾಲರಿನ ಪಟ್ಟಿಗೂ ಹಾಗೆಯೇ ನೀರು ಕುಡಿಸಿದರು. ಹೊರಬಟ್ಟೆಗೆ ಮಾತ್ರ ಕುಡಿಸಿ ಒಳಬಟ್ಟೆಯನ್ನು ಮರೆತರೆ, ಒಗೆದ ಮೇಲೆ ಒಳಗಿನದು ಕುಗ್ಗಿ ಹೊರಗಿನದನ್ನು ಸುಕ್ಕಾಗಿ ಹಿಡಿದೆಳೆಯುತ್ತದೆ.

ಬಿಳಿಯ ಬಟ್ಟೆಯಲ್ಲಿ ಇನ್ನೊಂದು ಕಷ್ಟವಿದೆ. ಹೊಲಿಗೆಯ ಒಳಮಡಿಕೆಗಳು ಬೆಳಕಿಗೆ ನೆರಳಿನಂತೆ ಹೊರಗೆ ಕಾಣುತ್ತವೆ. ಹೀಗಾಗಿ ಒಳಮಡಿಕೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ತೆಳುವಾಗಿಸಬೇಕು, ಒಳಗೆ ಬಿಳಿಯದೇ ಲೈನಿಂಗ್ ಕೊಡಬೇಕು, ಬಣ್ಣದ ಸೀಮೆಸುಣ್ಣದಿಂದ ಗುರುತು ಹಾಕಲೇಬಾರದು. ಮಾಸ್ಟರ್ ಗುರುತುಗಳನ್ನೆಲ್ಲ ಬಿಳಿಯ ನೂಲಿನ ಕಚ್ಚಾ ಹೊಲಿಗೆಯಿಂದಲೇ ಮಾಡಿಕೊಂಡರು. ಒಂದೊಂದು ಹೊಲಿಗೆ ಮುಗಿದಾಗಲೂ ತುಂಡನ್ನು ವಿದ್ಯುತ್ ದೀಪದ ಕೆಳಗೆ ಹಿಡಿದು ನೋಡುವುದು ಅವರ ತಾತನಿಂದ ಬಂದ ಅಭ್ಯಾಸವಂತೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೆ.ಜಿ.ಎಫ್. ತಲುಪಿತ್ತು, ಹಗಲಿನಲ್ಲಿ ಕಾಣದ ದೋಷ ರಾತ್ರಿಯ ದೀಪದಲ್ಲಿ ಕಾಣುತ್ತದೆಂಬುದನ್ನು ಅಲ್ಲಿನ ದರ್ಜಿಗಳು ನಮ್ಮೂರಿನವರಿಗಿಂತ ಮೊದಲು ಕಲಿತಿದ್ದರೆ ಆಶ್ಚರ್ಯವಿಲ್ಲ. ಔತಣ ನಡೆಯುವುದೂ ದೀಪದ ಬೆಳಕಿನಲ್ಲೇ ಅಲ್ಲವೇ?

ಗುಂಡಿಗಳನ್ನೂ ಭುಜಪಟ್ಟಿಗಳನ್ನೂ ಮಗನೇ ತಂದಿದ್ದ. ಬಿಳಿಯ ಸಮವಸ್ತ್ರದ ಲೋಹದ ಗುಂಡಿಗಳನ್ನು ನೂಲಿನಿಂದ ಹೊಲಿಯುವುದಿಲ್ಲ. ಒಗೆಯುವಾಗ ತೆಗೆಯಲು ಬರುವಂತೆ, ಬಟ್ಟೆಯಲ್ಲಿ ಸಣ್ಣ ದುಂಡು ರಂಧ್ರ ಮಾಡಿ, ಗುಂಡಿಯ ಹಿಂದಿನ ಕೊಂಡಿಯನ್ನು ಅದರೊಳಗೆ ತೂರಿಸಿ, ಒಳಬದಿಯಲ್ಲಿ ಉಂಗುರ ಸಿಕ್ಕಿಸುತ್ತಾರೆ. ಆ ರಂಧ್ರಗಳ ಅಂಚನ್ನು ಯಂತ್ರದಿಂದ ಮಾಡಿದರೆ ಕೆಲವೇ ತಿಂಗಳಲ್ಲಿ ಎಳೆ ಬಿಡುತ್ತದೆ. ಮಾಸ್ಟರಿನ ಮನೆಯವರು, ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು, ದಪ್ಪ ನೂಲಿಗೆ ಮೇಣ ಸವರಿ ಒಂದೊಂದನ್ನೂ ಕೈಯಿಂದ ಕಟ್ಟಿದರು. ಅವರ ಕಣ್ಣು ಮಂಜಾಗಿದೆ, ಬೆರಳು ಮಾತ್ರ ಲೆಕ್ಕ ತಪ್ಪುವುದಿಲ್ಲ. ಭುಜಪಟ್ಟಿಗೂ ಹೀಗೆಯೇ ತೋಳಿನ ಕಡೆ ಒಂದು ಬಟ್ಟೆಯ ಕುಣಿಕೆ, ಕಾಲರಿನ ಕಡೆ ಗುಂಡಿಗೊಂದು ರಂಧ್ರ ಬೇಕು. ಕುಣಿಕೆ ಸಡಿಲವಾದರೆ ಪಟ್ಟಿ ಜಾರುತ್ತದೆ, ಬಿಗಿಯಾದರೆ ಹೆಗಲಿನ ಬಟ್ಟೆ ಮುದುಡುತ್ತದೆ.

ಮೊದಲ ಟ್ರಯಲ್ಲಿಗೆ ಆರು ದಿನಗಳ ನಂತರ ಬರಲು ಹೇಳಿದ್ದರು. ಲೈನಿಂಗ್ ಇಲ್ಲದ, ತೋಳುಗಳನ್ನು ಕಚ್ಚಾ ಹೊಲಿಗೆಯಲ್ಲಿ ಸೇರಿಸಿದ್ದ ಕೋಟನ್ನು ತೊಡಿಸಿ, ಕುರ್ಚಿಯಲ್ಲಿ ಕೂರಿಸಿದರು. ಮುಂದೆ ಅಂಗಡಿಯ ಕತ್ತರಿ ಮೇಜು. ಅದರ ಮೇಲೆ ಒಂದು ತಟ್ಟೆ, ಪಕ್ಕದ ಹೋಟೆಲಿನಿಂದ ತರಿಸಿದ ಚಹಾದ ಲೋಟ. "ಎಡಗಡೆಯವರಿಗೆ ಏನಾದರೂ ಕೊಡೋ ಹಾಗೆ ಕೈ ಚಾಚಿ. ಈಗ ಬಲಗಡೆ. ಈಗ ಲೋಟ ಎತ್ತಿ" ಎಂದು ಒಂದೊಂದಾಗಿ ಮಾಡಿಸುತ್ತ, ತಾವು ಹಿಂದೆ ಬಗ್ಗಿ ನಿಂತು ಕೋಟಿನ ಅಂಚನ್ನೇ ನೋಡುತ್ತಿದ್ದರು. ಬಲತೋಳಿನ ಹಿಂಭಾಗದಲ್ಲಿ ಒಂದು ಎಳೆತ ಉಳಿದಿತ್ತು. ಅಲ್ಲಿಯೇ ಕಚ್ಚಾ ಹೊಲಿಗೆ ಬಿಚ್ಚಿ, ತೋಳನ್ನು ಬೆರಳಿನ ಅರ್ಧದಷ್ಟು ಮುಂದಕ್ಕೆ ತಿರುಗಿಸಿ, ಗುಂಡುಸೂಜಿ ಚುಚ್ಚಿದರು. ಮತ್ತೆ ಲೋಟ ಎತ್ತಿಸಿದರು. ಎಳೆತ ಹೋಗಿತ್ತು. ಬಟ್ಟೆಯನ್ನು ಎಲ್ಲಿಯೂ ಕತ್ತರಿಸದೆ, ತೋಳು ದೇಹಕ್ಕೆ ಸೇರುವ ಕೋನವನ್ನು ಬದಲಿಸಿದ್ದರಿಂದಲೇ ಆದ ಬದಲಾವಣೆ ಅದು. ನನ್ನ ತಂದೆ ಇದನ್ನು ಮಾಡುವುದನ್ನು ಬಾಲ್ಯದಲ್ಲಿ ಅದೆಷ್ಟೋ ಸಲ ಕಂಡಿದ್ದೆ. ಅದರ ಅರ್ಥ ಅಂದು ರಾಬರ್ಟ್‌ಸನ್‌ಪೇಟೆಯಲ್ಲಿ ಆಯಿತು.

ಕೂರಿಸಿಯೇ ನೋಡುವುದೇಕೆಂದು ಮಗ ಕೇಳಲಿಲ್ಲ. ಕಾರಣ ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಬ್ರಿಟಿಷ್ ನೌಕಾಪಡೆಯಲ್ಲಿ ರಾಜನ ಗೌರವಾರ್ಥ ಲೋಟ ಎತ್ತುವುದನ್ನು ಕುಳಿತೇ ಮಾಡುವ ಸಂಪ್ರದಾಯವಿದೆಯೆಂದು ಬಸ್ಸಿನಲ್ಲಿ ಹಿಂದಿರುಗುವಾಗ ವಿವರಿಸಿದ. ಹಳೆಯ ಮರದ ಹಡಗುಗಳ ಒಳಮಾಡು ಬಹಳ ತಗ್ಗಾಗಿದ್ದು, ಎದ್ದು ನಿಂತರೆ ತಲೆ ತೊಲೆಗೆ ಬಡಿಯುತ್ತಿದ್ದುದೇ ಅದರ ಮೂಲವೆಂದು ಹೇಳುತ್ತಾರಂತೆ. ಮೆಸ್ ಡ್ರೆಸ್ಸಿನ ಒಗಟೆಲ್ಲ ಈ ಒಂದು ಮಾತಿನಲ್ಲಿ ನನಗೆ ಬಿಡಿಸಿಕೊಂಡಿತು. ಪೆರೇಡಿನ ಸಮವಸ್ತ್ರ ನಿಲ್ಲುವುದಕ್ಕೆ, ನಡೆಯುವುದಕ್ಕೆ ಹೊಲಿದದ್ದು. ಇದು ಒಂದೇ ಸಾಲಿನಲ್ಲಿ ಕುಳಿತು, ಬಡಿಸಿದ್ದನ್ನು ಎಲ್ಲರೊಡನೆ ಉಣ್ಣುವುದಕ್ಕೆ ಹೊಲಿದದ್ದು. ನಮ್ಮ ಪಂಕ್ತಿಯಲ್ಲಿ ಎಲೆಯ ಮುಂದೆ ಕೂರುವ ಮುನ್ನ ಹೆಗಲ ಮೇಲಿನ ಶಲ್ಯವನ್ನು ಸರಿಪಡಿಸಿಕೊಳ್ಳುವ ಹಿರಿಯರ ಕೈಯನ್ನು ನೋಡಿದವರಿಗೆ, ಊಟಕ್ಕೆಂದು ಬೇರೆ ಉಡುಪಿರುವುದು ಅತಿಶಯವೆನಿಸಲಾರದು. ಜೊತೆಯಲ್ಲಿ ಕುಳಿತವರಿಗೆ ಸಲ್ಲಿಸುವ ಮರ್ಯಾದೆ ಅದು.

ನಡುಪಟ್ಟಿಯನ್ನು ಹೊಲಿಸುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ನಮ್ಮ ಸೀಮೆ ರೇಷ್ಮೆಯ ಸೀಮೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ನಮ್ಮ ಕಡೆಯ ರೈತರು ಗೂಡು ಹೊತ್ತೊಯ್ಯುವುದನ್ನು ನೋಡುತ್ತಲೇ ಬೆಳೆದ ನನಗೆ, ಮಗನ ಸೊಂಟಕ್ಕೆ ಕೃತಕ ನೂಲಿನ ಸ್ಯಾಟಿನ್ ಸುತ್ತಲು ಮನಸ್ಸಾಗಲಿಲ್ಲ. ಅಚ್ಚ ರೇಷ್ಮೆಯ ಕಪ್ಪು ಬಟ್ಟೆಯನ್ನು ಹುಡುಕಿ ತಂದೆ. ರೇಷ್ಮೆ ಜಾರುವ ಸ್ವಭಾವದ್ದಾದ್ದರಿಂದ ಹಿಂದೆ ಗಟ್ಟಿ ಹತ್ತಿಯ ಆಸರೆ ಕೊಟ್ಟು, ಸುಮಾರು ಐದು ಅಂಗುಲ ಅಗಲಕ್ಕೆ ಮಾಸ್ಟರ್ ನಾಲ್ಕು ನೆರಿಗೆ ಹಿಡಿದರು. ನೆರಿಗೆಗಳ ಬಾಯಿ ಮೇಲ್ಮುಖವಾಗಿರಬೇಕು. ತಿರುಗಿಸಿ ಕಟ್ಟಿಕೊಳ್ಳುವವರನ್ನು ಮದುವೆಯ ಆರತಕ್ಷತೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಹೊಕ್ಕುಳಿನ ಮಟ್ಟದಲ್ಲಿ ಕೂರುವ ಈ ಪಟ್ಟಿಯ ಕೆಳ ಅಂಚು ಪ್ಯಾಂಟಿನ ಮೇಲಂಚನ್ನು ಮುಚ್ಚಬೇಕು, ಮೇಲಿನ ಅಂಚು ಕೋಟಿನ ಒಳಗೆ ಸೇರಬೇಕು. ಹಾಗಾಗಬೇಕಾದರೆ ಪ್ಯಾಂಟನ್ನು ಈಗಿನ ವಾಡಿಕೆಯಂತೆ ಸೊಂಟದ ಮೂಳೆಯ ಮೇಲಲ್ಲ, ಹೊಕ್ಕುಳಿನ ತನಕ ಎತ್ತರಿಸಿ ಹೊಲಿಯಬೇಕು. ಬೆಲ್ಟು ಹಾಕುವಂತಿಲ್ಲ, ಒಳಗೆ ಗುಂಡಿಗಳನ್ನಿಟ್ಟು ಹೆಗಲಿನಿಂದ ಇಳಿಯುವ ಪಟ್ಟಿಗಳಿಗೆ ಸಿಕ್ಕಿಸಬೇಕು. ತಗ್ಗು ಪ್ಯಾಂಟು ತೊಟ್ಟರೆ ಎಷ್ಟು ಒಳ್ಳೆಯ ಕೋಟಾದರೂ ಅದನ್ನು ಉಳಿಸಲಾರದು.

ಸೆಕೆ ಹೆಚ್ಚಿರುವ ಸಂಜೆಗಳಲ್ಲಿ ಕೋಟನ್ನು ಬಿಟ್ಟು ಬಿಳಿ ಅಂಗಿ, ಭುಜಪಟ್ಟಿ, ನಡುಪಟ್ಟಿಗಳಲ್ಲೇ ಕೂರುವ ಇನ್ನೊಂದು ಕ್ರಮವೂ ಇದೆ. ಕೆಂಪು ಸಮುದ್ರದ ಬೇಗೆಯಲ್ಲಿ ಹುಟ್ಟಿದ್ದರಿಂದ ಅದಕ್ಕೆ ರೆಡ್ ಸೀ ರಿಗ್ ಎಂಬ ಹೆಸರು. ಹೀಗಾಗಿ ಕೋಟಿಗಿಂತ ಹೆಚ್ಚು ದುಡಿಯುವುದು ನಡುಪಟ್ಟಿಯೇ. ಅದಕ್ಕೆ ಒಳ್ಳೆಯ ರೇಷ್ಮೆ ಹಾಕಿದ್ದು ವ್ಯರ್ಥವಾಗಲಿಲ್ಲ. 2024ರ ಫೆಬ್ರವರಿಯಲ್ಲಿ ನೌಕಾಪಡೆಯು ವಾರ್ಡ್‌ರೂಮುಗಳಲ್ಲಿ ಕುರ್ತಾ ಪೈಜಾಮಕ್ಕೂ ಅನುಮತಿ ಕೊಟ್ಟಿದೆ. ಅದು ಬಂದದ್ದು ನನಗೆ ಸಂತೋಷವೇ. ಅದನ್ನೂ ಮೈಗೆ ಸರಿಯಾಗಿ ಹೊಲಿಸಿಕೊಳ್ಳಬೇಕೆಂದು ಮಗನಿಗೆ ಹೇಳಿ, ಮಾಸ್ಟರಿನ ಬಳಿ ಅದರ ಅಳತೆಯನ್ನೂ ಬರೆಸಿ ಬಂದಿದ್ದೇನೆ.

ಪದಕದ ಬಗ್ಗೆ ಒಂದು ಮಾತು. ಮೆಸ್ ಡ್ರೆಸ್ಸಿನ ಮೇಲೆ ಪೂರ್ಣ ಗಾತ್ರದ ಪದಕ ಧರಿಸುವುದಿಲ್ಲ, ಸುಮಾರು ಅರ್ಧ ಗಾತ್ರದ ಚಿಕಣಿ ಪದಕಗಳನ್ನು ಧರಿಸುತ್ತಾರೆ. ಮಗನ ಬಳಿ ಸದ್ಯಕ್ಕೆ ಇರುವುದು ಸ್ವಾತಂತ್ರ್ಯದ 75ನೇ ವರ್ಷದ ಸ್ಮರಣೆಗೆ ಸೇವೆಯಲ್ಲಿದ್ದವರಿಗೆಲ್ಲ ಕೊಟ್ಟ ಪದಕ. ಒಂದೇ ಪದಕಕ್ಕಾಗಿ ಏನು ಮಾಡಬೇಕಿದೆ ಎಂದುಕೊಂಡಿದ್ದೆ. ಮಾಸ್ಟರ್ ಎಡ ಎದೆಯ ಮಡಿಕೆಯ ಒಳಗೆ ಉದ್ದನೆಯ ಬಟ್ಟೆಯ ಆಸರೆಯನ್ನಿಟ್ಟು, ಮೇಲೆ ಬಿಳಿ ನೂಲಿನ ಕುಣಿಕೆಗಳನ್ನು ಸಾಲಾಗಿ ಕಟ್ಟಿದರು. ಪಿನ್ನನ್ನು ಬಟ್ಟೆಗೆ ಚುಚ್ಚದೆ ಆ ಕುಣಿಕೆಗಳಲ್ಲಿ ತೂರಿಸಬೇಕು. ಇಲ್ಲದಿದ್ದರೆ ಲೋಹದ ಭಾರಕ್ಕೆ ಬಟ್ಟೆ ಜೋತು, ರಂಧ್ರಗಳು ಅಗಲವಾಗುತ್ತವೆ. "ಒಂದಕ್ಕೆ ಇಷ್ಟು ಉದ್ದ ಯಾಕೆ ಮಾಸ್ಟರೇ?" ಎಂದೆ. "ಮುಂದೆ ಬರೋವಕ್ಕೂ ಜಾಗ ಬೇಕಲ್ಲಮ್ಮ" ಎಂದರು.

ಬೋ ಟೈಯನ್ನು ಕೈಯಲ್ಲಿ ಕಟ್ಟಿಕೊಳ್ಳುವುದನ್ನು ಮಗ ಕಲಿತಿದ್ದಾನೆ. ಬೂಟು ಲೇಸಿನದು, ಕಪ್ಪು, ಅವನೇ ಪಾಲಿಶ್ ಮಾಡಿಕೊಳ್ಳುತ್ತಾನೆ. ಕಾಲುಚೀಲ ಮಾತ್ರ ಮೊಣಕಾಲಿನ ಹತ್ತಿರದವರೆಗೆ ಬರುವಂಥದ್ದಿರಲಿ ಎಂದು ನಾನು ಹಟ ಹಿಡಿದೆ. ಕುಳಿತಾಗ ಪ್ಯಾಂಟು ಮೇಲೇರಿ ಬರಿಯ ಕಣಕಾಲು ಕಾಣುವುದು ಚೆನ್ನಲ್ಲ. ಬಿಳಿಯ ಅಂಗಿಗೂ ಬಿಳಿಯ ಕೋಟಿಗೂ ಬಿಳುಪು ಒಂದೇ ಇರಬೇಕೆಂಬುದು ಕೊನೆಯ ಗಳಿಗೆಯಲ್ಲಿ ಹೊಳೆಯಿತು. ಅಂಗಿ ನೀಲಿ ಹಾಕಿ ಒಗೆದದ್ದಾಗಿದ್ದರಿಂದ ಹೊಸ ಕೋಟು ಅದರ ಪಕ್ಕದಲ್ಲಿ ಕೆನೆಯ ಬಣ್ಣಕ್ಕೆ ತಿರುಗಿದಂತೆ ತೋರುತ್ತಿತ್ತು. ಹೊಸ ಅಂಗಿಯನ್ನು ಕೊಂಡು ಅದನ್ನು ನೀಲಿ ಇಲ್ಲದೆ ಒಗೆಸಿದೆವು.

ಎರಡನೆಯ ಟ್ರಯಲ್ಲಿನಲ್ಲಿ ತಿದ್ದುವುದೇನೂ ಉಳಿದಿರಲಿಲ್ಲ. ಅಂಗಿಯ ಕೈಪಟ್ಟಿ ಕೋಟಿನ ತೋಳಿನಿಂದ ಅರ್ಧ ಅಂಗುಲ ಮಾತ್ರ ಹೊರಗೆ ಕಾಣುತ್ತಿತ್ತು. ಮಾಸ್ಟರ್ ಕೂಲಿಯನ್ನು ಎಣಿಸದೆ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡು, ಹಳೆಯ ಕೋಟನ್ನೂ ಬಿಚ್ಚಿ ಸರಿಮಾಡಿಕೊಡಲೇ ಎಂದು ಕೇಳಿದರು. ಕಂಕುಳಿನಲ್ಲಿ ಈಗಾಗಲೇ ಕತ್ತರಿಸಿ ತೆಗೆದ ಬಟ್ಟೆಯನ್ನು ಮರಳಿ ತರಲಾಗದು, ಬಿಡಿ ಎಂದೆ. ಅವರೂ ತಲೆಯಾಡಿಸಿದರು.

ಕಾರವಾರದ ನೌಕಾನೆಲೆಗೆ ಕದಂಬರ ಹೆಸರಿದೆ. ಐ.ಎನ್.ಎಸ್. ಕದಂಬ 2005ರ ಮೇ 31ರಂದು ಸೇವೆಗೆ ಸೇರಿತು. ಕನ್ನಡದ ಮೊದಲ ಅರಸುಮನೆತನದ ಬಗ್ಗೆ ಮೂವತ್ತು ವರ್ಷ ಪಾಠ ಹೇಳಿದವಳಿಗೆ, ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಈ ಜಿಲ್ಲೆಯಿಂದ ಹೋದ ಮಗ ಆ ಹೆಸರಿನ ನೆಲೆಯಲ್ಲಿ ಸಮುದ್ರದ ಕೆಲಸ ಮಾಡುತ್ತಿರುವುದು ಎಂಥ ಹೆಮ್ಮೆಯೆಂದು ಬರೆಯಲು ಹೋದರೆ ಬೇರೆಯೇ ಲೇಖನವಾದೀತು. 1971ರ ಯುದ್ಧದಲ್ಲಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಮೇಲೆ ನಡೆಸಿದ ದಾಳಿಯ ನೆನಪಿಗಾಗಿ ಡಿಸೆಂಬರ್ 4ನ್ನು ನೌಕಾಪಡೆಯ ದಿನವಾಗಿ ಆಚರಿಸುತ್ತಾರೆ. ಅದೇ ವಾರದ ಔತಣಕ್ಕೆ ಅವನು ಈ ಕೋಟನ್ನು ಮೊದಲ ಬಾರಿ ತೊಟ್ಟ.

ಸಂಕ್ರಾಂತಿಗೆ ಬಂದಾಗ ಕೋಟನ್ನು ಜೊತೆಯಲ್ಲೇ ತಂದಿದ್ದ. ಬಲತೋಳಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಅರಿಶಿನದ ಕಲೆಯಿತ್ತು, ಯಾವುದೋ ಸಾರಿನದಿರಬೇಕು. ಗುಂಡಿಗಳ ಉಂಗುರಗಳನ್ನು ಒಂದೊಂದಾಗಿ ಬಿಡಿಸಿ ಸ್ಟೀಲಿನ ಡಬ್ಬಿಯ ಮುಚ್ಚಳದಲ್ಲಿ ಎಣಿಸಿಟ್ಟೆ, ಭುಜಪಟ್ಟಿಗಳನ್ನು ಬಿಚ್ಚಿ ಬೀರುವಿನಲ್ಲಿಟ್ಟೆ. ಕಲೆಯ ಮೇಲೆ ಸಾಬೂನು ಸವರಿ ತೊಳೆದು, ಕೋಟನ್ನು ಮಾಳಿಗೆಯ ಮೇಲೆ ಎಳೆಬಿಸಿಲಿಗೆ ಹರವಿದೆ. ಅರಿಶಿನದ ಕಲೆಗೆ ಬಿಸಿಲಿಗಿಂತ ಮಿಗಿಲಾದ ಮದ್ದಿಲ್ಲ. ಸಂಜೆಯ ಹೊತ್ತಿಗೆ ಅದು ಇದ್ದ ಜಾಗವೂ ಗುರುತು ಸಿಗಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬಿಳಿ ಬಟ್ಟೆ ಹಳದಿಗಟ್ಟುವುದರಿಂದ, ತಂದೆಯವರ ಹಳೆಯ ಪಂಚೆಯೊಂದನ್ನು ಎರಡಾಗಿ ಹರಿದು, ಅದರಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟಿದ್ದೇನೆ. ಗುಂಡಿಗಳ ಡಬ್ಬಿಯನ್ನು ಮರೆಯಬೇಡವೆಂದು ಅವನಿಗೆ ಬಸ್ ನಿಲ್ದಾಣದಲ್ಲೂ ಒಮ್ಮೆ ಹೇಳಿದೆ.